ಓಣಿಯ ಪಾಳಿ

ಖಣಿಯ ಅಂಚಿನಲ್ಲಿ ನಿಂತಿದ್ದ ಮಗಳನ್ನು ಕಂಡಾಗ ಸಾಬಮ್ಮ ಕೂಗಲಿಲ್ಲ. ಕೂಗಿದರೆ ದ್ರೌಪದಿ ಬೆಚ್ಚಿ ಕಾಲು ತಪ್ಪಿಯಾಳು ಎಂದು ಹೆದರಿದಳು. ಕೆಲಸ ನಿಂತು ಎಷ್ಟೋ ವರ್ಷಗಳಾಗಿದ್ದ ಖಣಿ ಅದು. ನೆಲಕ್ಕೆ ಹಾಸುವ ಫರ್ಸಿಗಲ್ಲನ್ನು ಪದರು ಪದರಾಗಿ ಎಬ್ಬಿಸಿ ಸಾಗಿಸಿದ ಮೇಲೆ ಉಳಿದ ಆಳವಾದ ಹೊಂಡದಲ್ಲಿ ಹಸಿರು ನೀರು ನಿಂತಿತ್ತು. ದ್ರೌಪದಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೈಮೇಲೆ ಸೆರಗಿನ ಪರಿವೆ ಇರಲಿಲ್ಲ. ತಿಂಗಳು ಕೂಡ ತುಂಬದ ಹೆಣ್ಣುಕೂಸನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು ನೀರಿನ ಕಡೆಗೆ ಚಾಚಿ ನಿಂತಿದ್ದಳು. ಕೂಸು ಅಳುತ್ತಿರಲಿಲ್ಲ.

ಪಕ್ಕದ ಮನೆಯ ಚಾಂದಬೀ ಓಣಿಯಿಂದಲೇ ಅವಳ ಬೆನ್ನು ಹತ್ತಿ ಬಂದಿದ್ದಳು. ಕಲ್ಲು ಪಾಲೀಸು ಮಾಡುವ ಕಾರ್ಖಾನೆಗೆ ಯಾರನ್ನೋ ಓಡಿಸಿ ಸಾಬಮ್ಮನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ಈಗ ದ್ರೌಪದಿಯಿಂದ ಒಂದು ಮಾರು ದೂರದಲ್ಲಿ, ದಾರಿಹೋಕಳು ದಣಿವಾರಿಸಿಕೊಳ್ಳುವ ಹಾಗೆ ಕಲ್ಲಿನ ಮೇಲೆ ಕುಳಿತಿದ್ದಳು.

"ದುರುಪತಿ, ಬಿಸಲು ಭಾಳ ಅದ. ಕೂಸಿನ ಮಾರಿ ಕೆಂಪಾಗ್ಯಾದ ನೋಡು," ಎಂದಳು ಚಾಂದಬೀ, ಕಟ್ಟೆಯ ಮೇಲೆ ಮಾತಾಡುವ ದನಿಯಲ್ಲೇ.

"ಹೌದು. ಒಳಗೆಲ್ಲ ಉರಿ ಹತ್ಯಾದ ಇದಕ್ಕ," ಎಂದಳು ದ್ರೌಪದಿ. "ತಂಪು ಮಾಡು, ತಂಪು ಮಾಡು ಅಂತ ಹೇಳ್ಲಿಕತ್ತಾರ."

ಹೇಳುತ್ತಿರುವವರು ಯಾರು ಎಂದು ಚಾಂದಬೀ ಕೇಳಲಿಲ್ಲ. "ತಾ ಇಲ್ಲಿ, ನಾ ತಂಪು ಮಾಡ್ತೀನಿ," ಎಂದು ಕುಳಿತಲ್ಲಿಂದಲೇ ಉಡಿ ಒಡ್ಡಿದಳು. ದ್ರೌಪದಿ ಅವಳನ್ನೂ ನೀರನ್ನೂ ನೋಡಿದಳು. ಆಮೇಲೆ ಬಾಗಿ ಕೂಸನ್ನು ಆ ಉಡಿಯಲ್ಲಿ ಹಾಕಿದಳು. ಹಿಂದಿನಿಂದ ಬಂದ ಸಾಬಮ್ಮ ಮಗಳ ರಟ್ಟೆ ಹಿಡಿದುಕೊಂಡಳು. ಅವಳ ಕೈಗೆ ಮೆತ್ತಿದ್ದ ಕಲ್ಲಿನ ಕೆಸರು ಮಗಳ ರಟ್ಟೆಗೂ ಹತ್ತಿತು.

ಶಹಾಬಾದಿನ ಆ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ದ್ರೌಪದಿ. ಅಪ್ಪ ಖಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಾಗ ಅವಳಿಗೆ ಅಪ್ಪನ ಮುಖ ನೆನಪಿಡುವ ವಯಸ್ಸೂ ಆಗಿರಲಿಲ್ಲ. ಸಾಬಮ್ಮ ಪಾಲೀಸು ಕಾರ್ಖಾನೆಯಲ್ಲಿ ದಿನವಿಡೀ ಒದ್ದೆಯಲ್ಲಿ ನಿಂತು ಕಲ್ಲು ಉಜ್ಜಿ ಅವಳನ್ನು ಓದಿಸಿದ್ದಳು. ಮಗಳು ಸರಕಾರಿ ಸಾಲೆಯ ಟೀಚರಮ್ಮನಾದ ದಿನ ಮನೆಯಲ್ಲಿದ್ದ ಬಾಬಾಸಾಹೇಬರ ಪಟಕ್ಕೆ ಓಣಿಯವರೇ ಹೂವಿನ ಹಾರ ತಂದು ಹಾಕಿದ್ದರು. ಗಂಡ ಸೂರ್ಯಕಾಂತ ತೆಂಗಳಿಯ ಕಡೆಯವನು, ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಮೆತ್ತಗಿನ ಮನುಷ್ಯ. ಚೊಚ್ಚಲ ಹೆರಿಗೆಗೆಂದು ಅವನೇ ಅವಳನ್ನು ತವರಿಗೆ ತಂದು ಬಿಟ್ಟು ಹೋಗಿದ್ದ.

ಹೆರಿಗೆ ಸಲೀಸಾಗಿಯೇ ಆಗಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ದ್ರೌಪದಿಗೆ ನಿದ್ದೆಯೇ ಬರದಾಯಿತು. ಮೊದಲು ಖುಷಿಗೆ ಅಂದುಕೊಂಡರು. ಆಮೇಲೆ ಅವಳು ಬಿಡುವಿಲ್ಲದೆ ಮಾತಾಡತೊಡಗಿದಳು. ಸಾಲೆಯ ಹಾಜರಿ ಕೂಗಿದಳು, ಇಲ್ಲದ ಮಕ್ಕಳನ್ನು ಗದರಿದಳು. ತಾಯಿ ಮಾಡಿದ ಸಜ್ಜಕವನ್ನು ಮೂಸಿ ನೋಡಿ ಗೋಡೆಗೆ ಒಗೆದಳು. ಇದು ಬಾಣಂತಿ ಸನ್ನಿ ಎಂದರು ಓಣಿಯ ಮುದುಕಿಯರು. ದರ್ಗಾದ ತಾಯಿತ ಕಟ್ಟಿಸಿದ್ದೂ ಆಯಿತು, ನಿವಾಳಿಸಿ ಬಿಸಾಡಿದ್ದೂ ಆಯಿತು. ಇವತ್ತು ಸಾಬಮ್ಮ ಎರಡು ತಾಸಿನ ಕೆಲಸವಿದೆ ಎಂದು ಕಾರ್ಖಾನೆಗೆ ಹೋದಾಗ ಅವಳು ಕೂಸನ್ನೆತ್ತಿಕೊಂಡು ಖಣಿಯ ದಾರಿ ಹಿಡಿದಿದ್ದಳು.

ಖಣಿಯಿಂದ ಅವಳನ್ನು ನೇರವಾಗಿ ಸರಕಾರಿ ದವಾಖಾನೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಅಲ್ಲಾವುದ್ದೀನ ಸಾಹೇಬರು, ತಲೆ ಬೆಳ್ಳಗಾದ ಬಡಕಲು ಮನುಷ್ಯ. ಹಿಂದಿನ ವರ್ಷ ಇಂಥದೇ ಕಾಯಿಲೆಗಳ ಬಗ್ಗೆ ಕಲಿಯಲು ಸರಕಾರ ಅವರನ್ನು ಬೆಂಗಳೂರಿಗೆ ಕಳಿಸಿತ್ತು. ಅವರು ದ್ರೌಪದಿಯ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತು ಬಹಳ ಹೊತ್ತು ಅವಳ ಮಾತು ಕೇಳಿದರು. ಸೂಜಿ ಮಾಡಿದರು. ಅವಳು ತೂಕಡಿಸತೊಡಗಿದ ಮೇಲೆ ಸಾಬಮ್ಮನನ್ನು ಪಡಸಾಲೆಗೆ ಕರೆದರು.

"ನೋಡವ್ವ, ನಿನಗ ಸುಳ್ಳು ಹೇಳಂಗಿಲ್ಲ," ಎಂದರು. "ದೊಡ್ಡ ದವಾಖಾನಿಗಿ ಒಯ್ರಿ ಅಂತ ಚೀಟಿ ಬರದು ಕೊಟ್ರ ನನ್ನ ತಲಿಮ್ಯಾಲಿನ ಭಾರ ಇಳೀತದ. ಆದ್ರ ಅಲ್ಲಿ ಕೊಡೋ ಗುಳಿಗಿ ನನ್ನ ಹತ್ರನೂ ಅವ. ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಒಂದೇ. ಹಗಲೂ ರಾತ್ರಿ ಕಣ್ಣಿಟ್ಟು ನೋಡೋ ಮಂದಿ. ಅಂಥಾ ಮಂದಿ ನಿನ್ನ ಮನ್ಯಾಗ ಅದಾರೇನು?"

"ನಾ ಒಬ್ಬಾಕಿ ಅದೀನ್ರಿ."

"ಒಬ್ಬಾಕಿಂದ ಆಗಂಗಿಲ್ಲ. ಈ ರೋಗ ಇಳೀತದ, ಖಾತ್ರಿ ಹೇಳ್ತೀನಿ. ಇಳಿಯೋತನಕ ಅಕಿ ಕೈಯಾಗ ಕೂಸು ಒಂದೇ ಇರಬಾರ್ದು, ಅಕಿನೂ ಒಬ್ಬಾಕೇ ಇರಬಾರ್ದು. ಒಂದು ಗಳಿಗಿ ಸೈತ."

ಕೂಸನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದ ಚಾಂದಬೀ, "ಒಬ್ಬಾಕಿ ಯಾಕ್ರಿ ಸಾಹೇಬ್ರ, ನಾ ಅದೀನಲ್ಲ," ಎಂದಳು. ಇಬ್ಬರೂ ಸಾಲದು ಎಂದರು ಡಾಕ್ಟರು. ಹಾಗಾದರೆ ಇನ್ನೂ ಮಂದಿ ಬರ್ತಾರೆ ಎಂದಳು ಚಾಂದಬೀ.

ಆ ಸಂಜೆ ಸಾಬಮ್ಮನ ಮನೆಯ ಮುಂದೆ ಓಣಿಯ ಹೆಂಗಸರು ಕೂಡಿದರು. ಬಹಳ ಮಂದಿ ಬೇಸರದಿಂದಲೇ ಬಂದಿದ್ದರು. ಅವರ ಗಂಡಂದಿರಲ್ಲಿ ಕೆಲವರು ಆಗಲೇ, ಮಕ್ಕಳು ಮರಿ ಆಡುವ ಓಣಿಯಲ್ಲಿ ಇಂಥವಳನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದ್ದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಖಣಿಯ ಅಂಚು ಎಲ್ಲರ ಕಣ್ಣ ಮುಂದಿತ್ತು. ಸಾಬಮ್ಮನಿಗೆ ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ.

ಮಾತು ಎತ್ತಿದವಳು ಹಣಮಮ್ಮ. ಓಣಿಯಲ್ಲೇ ಹಿರಿಯಳು, ಕೋಲು ಊರಿಕೊಂಡು ನಡೆಯುವವಳು. ಅವಳ ತಮ್ಮ ಖಂಡೆಪ್ಪ ಹರೆಯದಲ್ಲಿ ಹೀಗೆಯೇ ತಲೆ ಕೆಟ್ಟು ಅಲೆದಾಡಿದ್ದ. ಮನೆಯ ಗಂಡಸರೆಲ್ಲ ಸೇರಿ ಕೈಕಾಲು ಕಟ್ಟಿ ರೈಲು ಹತ್ತಿಸಿ ದೂರದ ಪಾಗಲಖಾನೆಗೆ ಸೇರಿಸಿ ಬಂದಿದ್ದರು. ವರ್ಷ ತುಂಬುವುದರೊಳಗೆ ಅವನಿಗೆ ವಾಸಿಯಾಯಿತಂತೆ. ಕರೆದುಕೊಂಡು ಹೋಗಿ ಎಂದು ಅಲ್ಲಿಯವರೇ ಹೇಳಿ ಕಳಿಸಿದರಂತೆ. ಅಣ್ಣಂದಿರು ಇವತ್ತು ನಾಳೆ ಎಂದರು. ಹಣಮಮ್ಮ ಒಮ್ಮೆ ಒಬ್ಬಳೇ ಹೋಗಿ ನೋಡಿದ್ದಳು. ಖಂಡೆಪ್ಪ ಅಲ್ಲಿಯ ತೋಟದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ. ಅಕ್ಕಾ, ಗಾಡಿ ಎಷ್ಟೊತ್ತಿಗೆ ಎಂದು ಕೇಳಿದ್ದ. ಅವಳ ಗಂಡ ಮನೆಯೊಳಗೆ ಬಿಟ್ಟುಕೊಳ್ಳಲು ಒಪ್ಪಿರಲಿಲ್ಲ. ಖಂಡೆಪ್ಪ ಅಲ್ಲೇ ಸತ್ತ.

ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಹಣಮಮ್ಮ ತಾನಾಗಿ ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹೇಳಿ ಮುಗಿಸಿ ಅವಳು, "ಕಳಸೋರು ಭಾಳ ಮಂದಿ ಇದ್ರು. ಹೊಳ್ಳಿ ತರೋರು ಯಾರೂ ಇರ್ಲಿಲ್ಲ," ಎಂದಳು. "ನಾಳಿ ಮುಂಜಾನಿ ಪಾಳಿ ನಂದು. ಮುಂದಿಂದು ನೀವು ನೋಡ್ಕೋರಿ."

ಹಾಗೆ ಪಾಳಿ ಶುರುವಾಯಿತು. ಪಾಳಿ ಎಂದರೆ ಅವರಿಗೆ ಹೊಸದಲ್ಲ. ಕಾರ್ಖಾನೆಗಳ ಸೀಟಿಗೆ ತಕ್ಕಂತೆ ಏಳುತ್ತ ಮಲಗುತ್ತ ಬಂದವರು. ಹಗಲು ಕೆಲಸಕ್ಕೆ ಹೋಗುವವರು ಸಂಜೆಗೆ ಬಂದರು, ಮನೆಯಲ್ಲೇ ಇರುವವರು ಹಗಲಿಗೆ ಬಂದರು. ಕೂಸನ್ನು ಚಾಂದಬೀಯ ಮನೆಯಲ್ಲಿ ಇಟ್ಟರು. ಗುಳಿಗೆ ನಡೆದಿರುವಾಗ ತಾಯಿಯ ಹಾಲು ಬೇಡ ಎಂದಿದ್ದರು ಡಾಕ್ಟರು. ಮೂರನೆಯ ಮನೆಯ ಮಾಳಮ್ಮನಿಗೆ ಎದೆಗೂಸಿತ್ತು. ಅವಳು ತನ್ನ ಮಗನನ್ನು ಒಂದು ಮಗ್ಗುಲಿಗೂ ದ್ರೌಪದಿಯ ಮಗಳನ್ನು ಇನ್ನೊಂದು ಮಗ್ಗುಲಿಗೂ ಹಾಕಿಕೊಂಡಳು. ಡಾಕ್ಟರು ದವಾಖಾನೆ ಮುಗಿಸಿ ಸೈಕಲ್ ಮೇಲೆ ಓಣಿಗೆ ಬರುತ್ತಿದ್ದರು. ಮೊದಮೊದಲು ಪಾಳಿಗೆ ಕೂತವರಿಗೆ, ಅವಳ ಮಾತಿಗೆ ಎದುರು ವಾದಿಸಬೇಡಿ, ನಗಬೇಡಿ, ದನಿ ಎತ್ತಬೇಡಿ, ಕೈಯಲ್ಲಿ ಸಣ್ಣ ಪುಟ್ಟ ಕೆಲಸ ಇಟ್ಟುಕೊಂಡು ಸುಮ್ಮನೆ ಜೊತೆಗಿರಿ ಎಂದು ಹೇಳಿಕೊಟ್ಟರು. ಹೆಂಗಸರು ಅವಳ ಮುಂದೆ ಕೂತು ತೊಗರಿಬೇಳೆ ಹಸನು ಮಾಡಿದರು, ಕೌದಿ ಹೊಲಿದರು. ಅವಳು ಎದ್ದು ನಡೆದರೆ ಜೊತೆಗೆ ನಡೆದರು. ಬಾಗಿಲಿಗೆ ಯಾರೂ ಬೀಗ ಹಾಕಲಿಲ್ಲ.

ಎಲ್ಲವೂ ಸುರಳೀತ ನಡೆಯಿತೆಂದಲ್ಲ. ಒಂದು ಮುಂಜಾನೆ ದ್ರೌಪದಿ ಸ್ನಾನಕ್ಕೆಂದು ಕಾಸಿದ್ದ ನೀರಿನ ಚರಿಗೆಯನ್ನು ಹಣಮಮ್ಮನ ಮೇಲೆ ಬೀಸಿ ಒಗೆದಳು. ಮುದುಕಿಯ ಮುಂಗೈ ಬೊಬ್ಬೆ ಎದ್ದಿತು. ಅದನ್ನು ಕೇಳಿದ ಕೂಡಲೇ ಮಾಳಮ್ಮನ ಗಂಡ, ನಾಳೆ ನನ್ನ ಮಗನಿಗೇನಾದರೂ ಆದರೆ ಎಂದು ಹೆಂಡತಿಯನ್ನು ತಡೆದ. ಎರಡು ದಿನ ಕೂಸಿಗೆ ಮೇಕೆ ಹಾಲೇ ಗತಿಯಾಯಿತು, ಅದು ಕಕ್ಕಿಕೊಂಡಿತು. ಓಣಿಯಲ್ಲಿ ಪಾಳಿಗೆ ಬರುವವರು ಕಡಿಮೆಯಾದರು. ಸಾಬಮ್ಮ ಹಣಮಮ್ಮನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಸಾಕವ್ವ, ಇನ್ನು ಒಯ್ದು ಸೇರಿಸಿಬಿಡ್ತೀನಿ ಎಂದಳು. ಹಣಮಮ್ಮ ಕೈ ಎಳೆದುಕೊಂಡಳು.

"ಒಲಿ ಮುಂದ ಇದಕ್ಕಿಂತ ಹೆಚ್ಚು ಸುಟ್ಟುಕೊಂಡೀನಿ," ಎಂದಳು. "ಯಾವಾಗರ ಒಲಿ ಹೊರಗ ಒಗದೇನು?"

ಮರುದಿನ ಅವಳು ಬಟ್ಟೆ ಸುತ್ತಿದ ಕೈಯಲ್ಲೇ ಬಂದು ತನ್ನ ಜಾಗದಲ್ಲಿ ಕೂತಳು. ಅದನ್ನು ಕಂಡು ಮಾಳಮ್ಮ ಗಂಡನಿಗೆ ಹೇಳದೆ ಹಿತ್ತಲ ಬಾಗಿಲಿನಿಂದ ಚಾಂದಬೀಯ ಮನೆಗೆ ಹೋಗಿ ಕೂಸಿಗೆ ಹಾಲು ಕೊಟ್ಟಳು. ಆಮೇಲೆ ಹೇಳಿಯೇ ಹೋದಳು. ಅವನು ಮಾತು ಬಿಟ್ಟ. ಬಿಟ್ಟರೆ ಬಿಡಲಿ ಎಂದಳಂತೆ.

ಇಷ್ಟೆಲ್ಲದರ ನಡುವೆ ಸೂರ್ಯಕಾಂತ ಒಮ್ಮೆ ಬಂದು ಹೋಗಿದ್ದ. ಹೆಂಡತಿ ಅವನ ಗುರುತು ಹಿಡಿಯದೆ, ನಿನ್ನ ಹೆಸರೇನು, ಯಾವ ಕ್ಲಾಸು ಎಂದು ಕೇಳಿದ್ದಳು. ಅವನು ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತವನು ಸಂಜೆಯ ಗಾಡಿಗೆ ವಾಡಿಗೆ ಹೋಗಿಬಿಟ್ಟ. ಆಮೇಲೆ ಬರಲಿಲ್ಲ. ಮತ್ತೆ ಬಂದದ್ದು ತನ್ನ ಅಣ್ಣ ಅಂಬಾರಾಯನ ಜೊತೆಗೆ, ಬಾಡಿಗೆ ಕಾರಿನಲ್ಲಿ.

ಅಂಬಾರಾಯ ಚಿತ್ತಾಪುರದ ಕಚೇರಿಯಲ್ಲಿ ನೌಕರ. ಕಾಗದ ಪತ್ರ, ಕೋರ್ಟು ಕಾಯ್ದೆ ಬಲ್ಲವನು. ತಮ್ಮನನ್ನು ತಾನೇ ಓದಿಸಿ ದೊಡ್ಡವನನ್ನಾಗಿ ಮಾಡಿದವನು. ಕಾರಿನಿಂದ ಇಳಿದವನು ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ. ಸಾಬಮ್ಮನನ್ನು ಅತ್ತಿ ಎಂದೇ ಕರೆದ. ಖಣಿಯ ಸುದ್ದಿ ತೆಂಗಳಿಯವರೆಗೂ ಮುಟ್ಟಿದೆ, ತನ್ನ ತಾಯಿ ಅನ್ನ ಬಿಟ್ಟಿದ್ದಾಳೆ ಎಂದ. ಕೂಸನ್ನು ತಾವು ತೆಂಗಳಿಗೆ ಒಯ್ದು ಸಾಕುತ್ತೇವೆ, ದ್ರೌಪದಿಯನ್ನು ಇವತ್ತೇ ದೊಡ್ಡ ದವಾಖಾನೆಗೆ ಸೇರಿಸೋಣ, ಮ್ಯಾಜಿಸ್ಟ್ರೇಟರ ಮುಂದೆ ಇಡುವ ಅರ್ಜಿ ತಯಾರಿದೆ, ಸೂರ್ಯಕಾಂತ ಸಹಿ ಮಾಡಿದರೆ ಮುಗಿಯಿತು ಎಂದ. ಯಾವುದೋ ಮನೆಯ ಹಾಲು ಕುಡಿಸಿ ಕೂಸನ್ನು ಓಣಿಯ ಪಾಲು ಮಾಡಿದ್ದೀರಲ್ಲ ಎಂಬ ಮಾತು ಕೊನೆಯಲ್ಲಿ ಬಂತು. ಕಟ್ಟೆಯ ಮೇಲೆ ಕೂಸಿಗೆ ಹಾಲು ಕೊಡುತ್ತಿದ್ದ ಮಾಳಮ್ಮ ಸೆರಗು ಸರಿಪಡಿಸಿಕೊಂಡಳು, ಎದ್ದು ಹೋಗಲಿಲ್ಲ.

ಸಾಬಮ್ಮ ಬೀಗರ ಗಂಡಸರ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ. ಅಳಿಯ ಬಂದರೆ ಬಾಗಿಲ ಮರೆಯಲ್ಲಿ ನಿಂತು ಮಾತಾಡುವಳು. ಇವತ್ತು ಮರೆಯಿಂದ ಹೊರಗೆ ಬಂದಳು. ಹೊಸ್ತಿಲ ಮೇಲೆ ಕುಳಿತಳು.

"ಅಕಿನ್ನ ಒಯ್ಯಬೇಕಂದ್ರ ಈ ಹೊಸ್ತಿಲ ದಾಟಬೇಕು. ಹೊಸ್ತಿಲ ಮ್ಯಾಲ ನಾ ಕುಂತೀನಿ."

ಅಂಬಾರಾಯ ತಾಳ್ಮೆಯಿಂದಲೇ, ಇದು ಹಟದ ಮಾತಲ್ಲ, ಕೂಸಿನ ಜೀವದ ಪ್ರಶ್ನೆ ಎಂದ. ಚಾಂದಬೀ ತನ್ನ ಮನೆಯಿಂದ ಬಂದು ಸಾಬಮ್ಮನ ಪಕ್ಕದಲ್ಲಿ ಕುಳಿತಳು. ಹೊಸ್ತಿಲಲ್ಲಿ ಮೂವರಿಗೆ ಜಾಗವಿರಲಿಲ್ಲವಾದ್ದರಿಂದ ಹಣಮಮ್ಮ ಅವರ ಮುಂದಿನ ಮೆಟ್ಟಿಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕುಳಿತಳು. ಮಾಳಮ್ಮ ಎರಡೂ ಕೂಸುಗಳೊಂದಿಗೆ ಕಟ್ಟೆಯಿಂದ ಸರಿದು ಅವರ ಕಡೆಗೆ ಬಂದಳು. ಪಾಳಿ ತಪ್ಪಿಸಿದ್ದವರೂ ಒಬ್ಬೊಬ್ಬರಾಗಿ ಮನೆಗಳಿಂದ ಹೊರಬಿದ್ದು ಅಂಗಳದಲ್ಲಿ ಕೂತರು. ಡ್ರೈವರನು ಕಾರಿನ ಎಂಜಿನ್ನು ಬಂದ್ ಮಾಡಿದ.

"ನಾಳಿ ಏನಾರ ಹೆಚ್ಚುಕಡಿಮಿ ಆದ್ರ ಜಿಮ್ಮೇದಾರ ಯಾರು?" ಎಂದು ಕೇಳಿದ ಅಂಬಾರಾಯ. ಈಗ ಅವನ ದನಿ ಏರಿತ್ತು.

"ನಾವು," ಎಂದಳು ಹಣಮಮ್ಮ. "ಇಲ್ಲಿ ಕುಂತೋರೆಲ್ಲ. ನಮ್ಮ ಹೆಸರು ಬರಕೊಂಡು ಹೋಗು. ನಮ್ಮ ಖಂಡೆಪ್ಪನ್ನ ಒಯ್ದಾಗ ಹಿಂಗ ಜಿಮ್ಮೇದಾರ ಯಾರಂತ ಒಬ್ಬರೂ ಕೇಳ್ಲಿಲ್ಲ."

ಹಾಗಾದರೆ ಆ ಡಾಕ್ಟರನ ಮೇಲೆ ಮೇಲಿನವರಿಗೆ ದೂರು ಕೊಡುತ್ತೇನೆ ಎಂದ ಅಂಬಾರಾಯ. ಆಗಲೇ ಒಳಗಿನಿಂದ ದ್ರೌಪದಿ ಬಂದಳು. ಗುಳಿಗೆಯಿಂದ ಅವಳ ಕೈಕಾಲು ಮರದ ಹಾಗೆ ಸೆಟೆದಿದ್ದವು. ನಾಲಿಗೆ ದಪ್ಪಗಾಗಿ ಮಾತು ತಡವರಿಸುತ್ತಿತ್ತು. ಜಡೆಯನ್ನು ಯಾರೋ ಅಂದವಾಗಿ ಹೆಣೆದಿದ್ದರು. ತಾಯಿಯ ಹೆಗಲ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಭಾವನ ಮುಂದೆ ನಿಲ್ಲುವಾಗ ಹಾಕಿಕೊಳ್ಳುತ್ತಿದ್ದ ತಲೆಸೆರಗು ಹಾಕಲಿಲ್ಲ. ಆದರೆ ಮಾತಾಡಿದ್ದು ಗಂಡನಿಗೆ.

"ನನಗ ಆರಾಮಿಲ್ಲ ಅಂತ ನನಗ ಗೊತ್ತದ," ಎಂದಳು. ಒಂದೊಂದು ಶಬ್ದವನ್ನೂ ಕಲ್ಲು ಎತ್ತಿದ ಹಾಗೆ ಎತ್ತಿ ಇಡುತ್ತಿದ್ದಳು. "ಕೂಸಿಗಿ ನಾ ಏನು ಮಾಡ್ಲಿಕ್ಕಿ ಹೋಗಿದ್ದೆ, ಅದೂ ಗೊತ್ತದ. ಆ ದನಿ ಇನ್ನಾ ಬರ್ತಾವ. ಬಂದಾಗ ಹಣಮಮ್ಮಗ, ಬಂದಾವ ಅಂತ ಹೇಳ್ತೀನಿ. ಅಕಿ ನನ್ನ ಕೈ ಹಿಡಕೊಂಡು ಕುಂದರ್ತಾಳ. ಅಲ್ಲಿ ನಾ ಯಾರಿಗಿ ಹೇಳ್ಲಿ?"

ಸೂರ್ಯಕಾಂತ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಅಂಬಾರಾಯ ಚೀಲದಿಂದ ಕಾಗದ ತೆಗೆದು ಅವನ ಕಡೆ ಚಾಚಿದ. ಇದನ್ನೆಲ್ಲ ಕೇಳುತ್ತ ನಿಂತರೆ ಆಗುವುದಿಲ್ಲ, ಸಹಿ ಮಾಡು ಎಂದ. ತಮ್ಮನ ಕೈ ಕಾಗದದ ಕಡೆಗೆ ಹೋಗಲಿಲ್ಲ, ಬೇಡ ಎನ್ನಲು ಬಾಯಿಯೂ ಏಳಲಿಲ್ಲ. ಅಣ್ಣನ ಮುಂದೆ ಅವನು ಯಾವತ್ತೂ ಬೇಡ ಎಂದವನಲ್ಲ.

ಸಾಬಮ್ಮ ಕೂತಲ್ಲಿಂದಲೇ ಮೊದಲ ಸಲ ಅಳಿಯನ ಮುಖ ನೋಡಿ ಮಾತಾಡಿದಳು. "ಅಳಿಯಾ, ಸಹಿ ನಿಮ್ಮದು. ಬ್ಯಾಡನ್ನಲಿಕ್ಕಿ ನಾ ಯಾರು? ಆದ್ರ ಮಾಡೋಕ್ಕಿಂತ ಮೊದಲ ಒಂದು ಪಾಳಿ ಕುಂದ್ರಿ. ಇಲ್ಲಿ ಎಲ್ಲಾರೂ ಕುಂತಾರ. ನೀವೊಬ್ರೇ ಕುಂತಿಲ್ಲ."

ಸಿಮೆಂಟ್ ಕಾರ್ಖಾನೆಯ ಕಡೆಯಿಂದ ಬಂದ ಬೂದಿ ಬಣ್ಣದ ಗಾಳಿ ಅಂಗಳದ ಮೇಲೆ ಹಾದುಹೋಯಿತು. ಸೂರ್ಯಕಾಂತ ಕಾರಿನ ಬಾಗಿಲು ಮುಚ್ಚಿದ. ನಡೆದು ಬಂದು ಅಂಗಳದ ತುದಿಯಲ್ಲಿ ಚಪ್ಪಲಿ ಬಿಟ್ಟ. ಹಣಮಮ್ಮ ಕೋಲು ತೆಗೆದಳು. ಸಾಬಮ್ಮನೂ ಚಾಂದಬೀಯೂ ಹೊಸ್ತಿಲ ಮೇಲೆ ಒಂದಿಷ್ಟು ಸರಿದರು. ಅವನು ಅವರ ನಡುವಿನಿಂದ ಒಳಗೆ ಹೋದ.

ಅಂಬಾರಾಯ ತುಸು ಹೊತ್ತು ಕಾದ. ಆಮೇಲೆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ನಾಳೆ ನನ್ನ ಹತ್ತಿರ ಅಳುತ್ತ ಬರಬೇಡ ಎಂದು ಬಾಗಿಲ ಕಡೆ ಹೇಳಿ ಕಾರು ಹತ್ತಿದ. ಅವನ ಕಣ್ಣಲ್ಲಿ ನೀರಿದ್ದುದನ್ನು ಮಾಳಮ್ಮ ಕಂಡಳು. ಅದನ್ನು ಅವಳು ಎಷ್ಟೋ ದಿನಗಳ ನಂತರ ಹೇಳಿದಳು.

ದೂರಿನ ಮಾತು ಬರಿಯ ಮಾತಾಗಲಿಲ್ಲ. ಡಾಕ್ಟರರನ್ನು ಮೇಲಿನವರು ಕರೆಸಿ, ಇಂಥ ರೋಗಿಯನ್ನು ಮನೆಯಲ್ಲಿ ಇಡಿಸಿದ್ದೇಕೆ ಎಂದು ಕೇಳಿದರು. ಅಲ್ಲಾವುದ್ದೀನ ಸಾಹೇಬರು ಏನು ಉತ್ತರ ಕೊಟ್ಟರೋ ಗೊತ್ತಿಲ್ಲ, ಮರುದಿನ ಎಂದಿನಂತೆ ಸೈಕಲ್ ಮೇಲೆ ಬಂದರು. ಕಾರ್ಖಾನೆಯ ಮಾಲಕ, ಪದೇ ಪದೇ ರಜೆ ಹಾಕುವ ಸಾಬಮ್ಮನನ್ನು ಕೆಲಸದಿಂದ ತೆಗೆಯುತ್ತೇನೆ ಎಂದ. ಅವಳ ಜೊತೆ ಕಲ್ಲು ಉಜ್ಜುವ ಹೆಂಗಸರು, ಅವಳ ಬದಲಿಗೆ ದಿನಕ್ಕೊಬ್ಬರು ನಿಲ್ಲುತ್ತೇವೆ, ಕಲ್ಲಿಗೆ ಯಾರ ಕೈ ಅಂತ ಗೊತ್ತಾಗುವುದಿಲ್ಲವಲ್ಲ ಎಂದರು. ಮಾಲಕ ಗೊಣಗಿಕೊಂಡು ಸುಮ್ಮನಾದ.

ಸೂರ್ಯಕಾಂತ ಆವತ್ತು ಹೆಂಡತಿಯ ಮುಂದೆ ಕುಳಿತಾಗ ಅವನಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಕೆಲಸ ಇಟ್ಟುಕೊಳ್ಳಿ ಎಂದು ಚಾಂದಬೀ ಅವನ ಮುಂದೆ ಬೆಳ್ಳುಳ್ಳಿ ಬುಟ್ಟಿ ಇಟ್ಟು ಹೋದಳು. ಸಂಜೆಯವರೆಗೂ ಬೆಳ್ಳುಳ್ಳಿ ಸುಲಿದ. ದ್ರೌಪದಿ ಒಮ್ಮೆ ಅವನನ್ನು ಹೆಸರು ಹಿಡಿದು ಕರೆದಳು. ಒಮ್ಮೆ, ಇಂವ ನನ್ನ ಗಂಡನ ವೇಷ ಹಾಕಿಕೊಂಡು ಬಂದಾನೆ ಎಂದು ಕಿರುಚಿದಳು. ಅವನು ಎದ್ದು ಹೋಗಲಿಲ್ಲ. ಮುಂದೆ ರಜೆ ಸಿಕ್ಕಾಗಲೆಲ್ಲ ವಾಡಿಯಿಂದ ಗಾಡಿ ಹತ್ತಿ ಬಂದ. ಓಣಿಯ ಹೆಂಗಸರು ಅವನಿಗೂ ಪಾಳಿ ಹಚ್ಚಿಕೊಟ್ಟರು. ಬರುವುದು ತಡವಾದರೆ ಬೇರೆಯವರನ್ನು ಬೈದ ಹಾಗೆಯೇ ಅವನನ್ನೂ ಬೈದರು.

ಡಾಕ್ಟರು ಗುಳಿಗೆ ಬದಲಿಸಿದ ಮೇಲೆ ದ್ರೌಪದಿಯ ಕೈಕಾಲಿನ ಬಿಗಿತ ಸಡಿಲಿತು. ನಿದ್ದೆ ಮರಳಿ ಬಂತು. ದನಿಗಳು ಒಮ್ಮೆಲೇ ಹೋಗಲಿಲ್ಲ. ಮೊದಲು ಮನೆಯೊಳಗಿದ್ದವು ಅಂಗಳಕ್ಕೆ ಹೋದವು, ಈಗ ಓಣಿಯ ಆಚೆ ಎಲ್ಲೋ ಮಾತಾಡುತ್ತವೆ, ಏನು ಅಂತಾವೋ ತಿಳಿಯುವುದಿಲ್ಲ ಎಂದು ಅವಳೇ ಹಣಮಮ್ಮನಿಗೆ ಹೇಳಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಅದೂ ನಿಂತಿತು. ಅದರ ಬೆನ್ನಿಗೆ ಅಳು ಬಂತು. ತಾನು ಖಣಿಯ ಅಂಚಿನಲ್ಲಿ ನಿಂತದ್ದನ್ನು ನೆನೆದು ದಿನಗಟ್ಟಲೆ ಅತ್ತಳು. ಕೂಸನ್ನು ತಂದು ತೊಡೆಯ ಮೇಲೆ ಹಾಕಿದರೆ ಮುಟ್ಟಲು ಹೆದರಿ ಕೈ ಹಿಂದಕ್ಕೆ ಕಟ್ಟಿಕೊಳ್ಳುವಳು. ಹುಚ್ಚಿಗಿಂತ ಇದೇ ಕಠಿಣ ಅನ್ನಿಸಿತು ಸಾಬಮ್ಮನಿಗೆ.

ಕೂಸಿನ ಕಡೆಗೆ ಅವಳನ್ನು ತಿರುಗಿಸಿದವಳು ಮಾಳಮ್ಮ. ಒಂದು ದಿನ ತನ್ನ ಮಗ ಬಿದ್ದು ಅಳುತ್ತಿದ್ದಾನೆಂದು ಎದ್ದು ಓಡುವವಳು, ಎದೆಗೆ ಹಚ್ಚಿಕೊಂಡಿದ್ದ ಕೂಸನ್ನು ಹತ್ತಿರದಲ್ಲಿದ್ದ ದ್ರೌಪದಿಯ ತೋಳಿಗೆ ಹಾಕಿ ಹೋದಳು. ತಿರುಗಿ ಬಂದಾಗ ದ್ರೌಪದಿ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಕೂಸು ತೇಗಿತು. ಅಂಗಳದಲ್ಲಿದ್ದವರು ಕಂಡೂ ಕಾಣದವರ ಹಾಗೆ ತಂತಮ್ಮ ಕೆಲಸ ಮಾಡಿಕೊಂಡರು.

ಅಂದಿನಿಂದ ದ್ರೌಪದಿ ಕೂಸಿಗೆ ಎರೆದಳು, ಈಗ ಅದಕ್ಕೆ ಒಗ್ಗಿದ್ದ ಮೇಕೆ ಹಾಲು ಕುಡಿಸಿದಳು, ಕಾಡಿಗೆ ಹಚ್ಚಿದಳು, ತೂಗಿ ಮಲಗಿಸಿದಳು. ಯಾರಾದರೊಬ್ಬರು ಜೊತೆಗೆ ಇದ್ದೇ ಇರುತ್ತಿದ್ದರು. ಹೀಗೇ ಶ್ರಾವಣ ಕಳೆಯಿತು. ಒಂದು ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕದಲ್ಲಿ ಬಂದು ಕೂತಳು.

"ಅವ್ವಾ, ನಾಳಿ ನೀ ಕೆಲಸಕ್ಕ ಹೋಗು. ಪಾಳಿಗಿ ಯಾರೂ ಬರೋದು ಬ್ಯಾಡ. ಕೂಸು ನಾನು ಇಬ್ರೇ ಇರ್ತೀವಿ."

ಸಾಬಮ್ಮನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಅದನ್ನು ಮತ್ತೆ ಉಂಡೆ ಮಾಡಿ ಬಡಿಯತೊಡಗಿದಳು. ಇನ್ನೂ ಸ್ವಲ್ಪ ದಿನ ಹೋಗಲಿ ಎಂದಳು. ಎಷ್ಟು ದಿನ ಎಂದು ಮಗಳು ಕೇಳಿದಳು. ಮಾರನೆಯ ಬೆಳಿಗ್ಗೆ ಸಾಬಮ್ಮ ಡಾಕ್ಟರರ ಹತ್ತಿರ ಹೋದಳು. ಅವರು ಕನ್ನಡಕ ತೆಗೆದು ಒರೆಸಿ, ರೋಗ ಇಳಿದಿದೆ ಎಂದು ಹೇಳಬಲ್ಲೆ, ಅವಳೊಬ್ಬಳನ್ನೇ ಯಾವ ದಿನ ಬಿಟ್ಟು ಹೋಗಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ ಎಂದರು. ಅಂಬಾರಾಯ ಅಷ್ಟರಲ್ಲಿ ತಮ್ಮನ ಕೈಲಿ ಹೇಳಿ ಕಳಿಸಿದ್ದ: ಏನೇ ಆಗಲಿ, ಜನ್ಮವಿಡೀ ಆ ಕೂಸನ್ನು ಅವಳೊಬ್ಬಳ ಕೈಗೆ ಬಿಡಬೇಡಿ. ಆ ಮಾತು ಸಾಬಮ್ಮನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಜನ್ಮವಿಡೀ ಎಂದರೆ ಎಷ್ಟು ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು.

ಮನೆಗೆ ಬಂದವಳು ಬುತ್ತಿ ಕಟ್ಟಿಕೊಂಡಳು. ಓಣಿಯಲ್ಲಿ ಹಾದುಹೋಗುವಾಗ ಚಾಂದಬೀಗೆ, ಇವತ್ತು ಪಾಳಿಗೆ ಹೋಗಬೇಡ ಎಂದಳು. ಹಣಮಮ್ಮನಿಗೂ ಮಾಳಮ್ಮನಿಗೂ ಅದನ್ನೇ ಹೇಳಿದಳು. ಬಾಗಿಲಲ್ಲಿ ಇಣುಕುವುದೂ ಬೇಡ ಎಂದಳು. ಹಣಮಮ್ಮ ತಲೆಯಾಡಿಸಿದಳು.

ಪಾಲೀಸು ಯಂತ್ರ ತಿರುಗುತ್ತಿತ್ತು. ಕಲ್ಲಿನ ಮೇಲೆ ನೀರು ಬಿಡುತ್ತ, ಬೂದು ಕೆಸರು ಬಳಿಯುತ್ತ ಸಾಬಮ್ಮ ಎಂದಿನ ಹಾಗೆ ನಿಂತಳು. ಆ ಸಪ್ಪಳದಲ್ಲಿ ಯಾರು ಕೂಗಿದರೂ ಕೇಳಿಸುವುದಿಲ್ಲ. ಎರಡು ಸಲ ಗೇಟಿನ ಕಡೆ ನೋಡಿದಳು. ಮೂರನೆಯ ಸಲ ನೋಡಬಾರದೆಂದು ಕತ್ತು ಬಿಗಿಹಿಡಿದಳು. ಒಂದು ಕಲ್ಲು ಮುಗಿಯಿತು, ಇನ್ನೊಂದು ಕಲ್ಲು ಬಂತು. ಜೊತೆಯ ಹೆಂಗಸರಿಗೆ ಸುದ್ದಿ ಹೇಗೋ ಮುಟ್ಟಿತ್ತು. ಅವರು ಅವಳ ಮುಖವನ್ನೇ ನೋಡುತ್ತಿದ್ದರು.

ಮಧ್ಯಾಹ್ನದ ಸೀಟಿ ಊದಿತು. ಯಂತ್ರ ನಿಂತಿತು. ಮನೆ ಹತ್ತಿರವೇ, ಓಡಿಹೋಗಿ ನೋಡಿಕೊಂಡು ಬರಲು ಹೊತ್ತಿದೆ. ಹೋಗಿ ಬಾ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ಸಾಬಮ್ಮ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು, ಉಗುರಿನ ಸಂದಿಯ ಕೆಸರು ಹೋಗುವವರೆಗೆ ತೊಳೆದುಕೊಂಡಳು. ಒಟ್ಟಿದ್ದ ಫರ್ಸಿಗಳ ನೆರಳಿಗೆ ಬಂದು ಗೇಟಿಗೆ ಬೆನ್ನು ಮಾಡಿ ಕುಳಿತು, ಬುತ್ತಿಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದಳು. ರೊಟ್ಟಿ ಮುರಿದು, ಹಿಂಡಿ ಹಚ್ಚಿ ಬಾಯಿಗೆ ಇಟ್ಟುಕೊಂಡು ನಿಧಾನವಾಗಿ ಅಗಿಯತೊಡಗಿದಳು.

ಉಳಿದವರು ನಿಂತೇ ಇದ್ದರು. ಅವಳು ಎರಡನೆಯ ತುತ್ತು ಮುರಿದಾಗ ಒಬ್ಬಳು ಬಂದು ಪಕ್ಕದಲ್ಲಿ ಕೂತು ತನ್ನ ಗಂಟು ಬಿಚ್ಚಿದಳು. ಆಮೇಲೆ ಮತ್ತೊಬ್ಬಳು.